ಹೇಳಿದ್ದಷ್ಟೇ ಬರೆಯುವ ಕೈ

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಮಡಿಕೆಯಕ್ಕ. ಆಸ್ಪತ್ರೆಗಳಿಂದ, ಲಾಡ್ಜುಗಳಿಂದ ಗಾಡಿಗಟ್ಟಲೆ ಬರುವ ಬೆಡ್‌ಶೀಟು, ದಿಂಬಿನ ಚೀಲ, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿ ಸಂಜೆಯೊಳಗೆ ವಾಪಸು ಕಳಿಸುವ ಜಾಗ ಅದು. ಹತ್ತೊಂಬತ್ತು ವರ್ಷ ಅಲ್ಲಿ ಬೆಡ್‌ಶೀಟು ಮಡಿಚಿ ಮಡಿಚಿ ಅವಳ ಕೈಗೆ ಅದೇ ಚಾಳಿಯಾಗಿಬಿಟ್ಟಿತ್ತು. ಬಸ್ಸಿನ ಟಿಕೆಟು ಕೈಗೆ ಬಂದರೂ ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಹಾಕಿಯೇ ಒಳಗಿಡುವಳು. “ಅಕ್ಕಾ, ನಮ್ಮ ಸೂಪರ್‌ವೈಸರನ್ನೂ ಒಂದ್ಸಲ ಮಡಿಚಿ ಕಪಾಟಲ್ಲಿಡಿ, ಒಂದು ವಾರ ಹಾಯಾಗಿರೋಣ” ಎಂದು ಜೊತೆಯ ಹೆಂಗಸರು ನಗುತ್ತಿದ್ದರು.

ಗಂಡ ತೀರಿಕೊಂಡು ಒಂಬತ್ತು ವರ್ಷ. ಇದ್ದವಳು ಒಬ್ಬಳೇ ಮಗಳು, ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ಹದಿನೇಳು ತುಂಬಿದ್ದರೂ ತಾಯಿಯ ಬಾಯಲ್ಲಿ ಅವಳಿನ್ನೂ ಪಾಪು. ಗೆಳತಿಯರ ಮುಂದೆ ಹಾಗೆ ಕರೆದರೆ ಹುಡುಗಿ ಮುಖ ಊದಿಸಿಕೊಳ್ಳುತ್ತಿದ್ದಳು. ಮಡಿಕೆಯಕ್ಕ ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಮನೆಯಲ್ಲಿ ತಮ್ಮ ಹುಟ್ಟಿದ್ದ, ಅವನನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೇ ಕಾರಣ. ಅಕ್ಷರ ಮರೆತಿರಲಿಲ್ಲ. ಬಸ್ಸಿನ ಬೋರ್ಡು ಓದುತ್ತಿದ್ದಳು, ಬಟ್ಟೆಗಂಟಿನ ಚೀಟಿಯ ಮೇಲೆ ಆಸ್ಪತ್ರೆಯ ಹೆಸರು, ವಾರ್ಡಿನ ನಂಬರು ಬರೆಯುತ್ತಿದ್ದಳು. ಅದಕ್ಕಿಂತ ಉದ್ದದ್ದನ್ನು ಬರೆಯುವ ಪ್ರಸಂಗ ಬಂದಿರಲಿಲ್ಲ.

ವರ್ಷದ ಮೊದಲಿಗೆ ಶಾಲೆಯವರು ತಂದೆತಾಯಿಯರ ಸಭೆ ಕರೆದಿದ್ದರು. ಗಣಿತದ ಮೇಡಂ ಮುಕ್ಕಾಲು ಗಂಟೆ ಮಾತಾಡಿದರು. ಕಾಲೇಜಿಗೆ ಅರ್ಜಿ ಯಾವಾಗ, ಯಾವ ವಿಷಯಕ್ಕೆ ಎಷ್ಟು ಅಂಕ, ನಿದ್ದೆಗೆಟ್ಟು ಓದಿದರೆ ಏನಾಗುತ್ತದೆ, ಫೋನು ಎಲ್ಲಿಡಬೇಕು ಎಂದೆಲ್ಲ ಹೇಳಿದರು. ಅರ್ಧಕ್ಕರ್ಧ ಮಡಿಕೆಯಕ್ಕನ ತಲೆಯ ಮೇಲಿಂದ ಹಾರಿಹೋಯಿತು. ಒಂದು ಮಾತು ಮಾತ್ರ ನಾಟಿತು. “ಓದಿದ್ದನ್ನ ಬರೆಸಿ. ಕಣ್ಣು ಮೋಸ ಮಾಡುತ್ತೆ, ಕೈ ಮಾಡಲ್ಲ” ಎಂದಿದ್ದರು ಮೇಡಂ. ಇದು ಅವಳಿಗೆ ಸರಿಯೆನ್ನಿಸಿತು. ಅವಳ ಬದುಕಿನಲ್ಲೂ ಮೋಸ ಮಾಡದೆ ನಿಂತದ್ದು ಕೈಯೊಂದೇ. ಅಂದಿನಿಂದ ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ಅವಳ ಪ್ರಶ್ನೆ: “ಬರೆದೆಯಾ?”

ಮಗಳು ಬರೆಯುತ್ತಿದ್ದಳು. ಹಳೆಯ ನೋಟೀಸುಗಳ ಹಿಂದೆ, ಕಾರ್ಖಾನೆಯಿಂದ ತಾಯಿ ತರುತ್ತಿದ್ದ ರದ್ದಿ ಚೀಟಿಗಳ ಹಿಂದೆ, ಎಲ್ಲೆಂದರಲ್ಲಿ ಬರೆಯುತ್ತಿದ್ದಳು. ಬಲಗೈಯ ನಡುಬೆರಳಲ್ಲಿ ಪೆನ್ನು ಒತ್ತಿ ಒತ್ತಿ ಗಟ್ಟಿ ಗಂಟಾಗಿತ್ತು. ಬರೆದು ಬೇಜಾರಾದರೆ ಚಿತ್ರ ಬಿಡಿಸುವಳು. ಹೂವು, ಹಕ್ಕಿಗಳಲ್ಲ. ಮೆಟ್ಟಿಲು, ಕಮಾನು, ಬೆಳಕು ಬರುವ ಕಿಟಕಿ. ಕಟ್ಟಡಗಳ ವಿನ್ಯಾಸ ಕಲಿಸುವ ಕಾಲೇಜೊಂದಕ್ಕೆ ಸೇರಬೇಕು ಎಂಬುದು ಅವಳ ಹಟ. ಅಲ್ಲಿ ಪರೀಕ್ಷೆಯ ಅಂಕದ ಜೊತೆಗೆ ಅವರೆದುರೇ ಕೂತು ಚಿತ್ರ ಬರೆದು ತೋರಿಸಬೇಕಿತ್ತು. “ಅಮ್ಮ, ಅಂಕದಲ್ಲಿ ನನಗಿಂತ ಮೇಲಿನವರು ಬೇಕಾದಷ್ಟು ಜನ ಇದ್ದಾರೆ. ಚಿತ್ರದಲ್ಲಿ ಮಾತ್ರ ಒಬ್ಬರೂ ಇಲ್ಲ” ಎನ್ನುವಳು. ಜಂಬವಲ್ಲ, ಇದ್ದದ್ದನ್ನೇ ಹೇಳುತ್ತಿದ್ದಳು.

ಪರೀಕ್ಷೆಗೆ ನಲವತ್ತೇಳು ದಿನ ಉಳಿದಿತ್ತು. ಓದಲೆಂದು ಶಾಲೆಗೆ ರಜೆ ಕೊಟ್ಟಿದ್ದರು. ತಾಯಿ ಮರೆತು ಹೋಗಿದ್ದ ಊಟದ ಡಬ್ಬಿ ಹಿಡಿದು ಮಗಳು ಮಧ್ಯಾಹ್ನ ಕಾರ್ಖಾನೆಗೆ ಬಂದಳು. ಕಂಕುಳಲ್ಲಿ ಪುಸ್ತಕ. ಮಡಿಕೆಯಕ್ಕ ಇಸ್ತ್ರಿ ರೋಲರಿನ ಮುಂದೆ ಒಬ್ಬಳೇ ನಿಂತಿದ್ದಳು. ಮರದ ಕಾಂಡದಷ್ಟು ದಪ್ಪದ ಎರಡು ಬಿಸಿ ಉರುಳೆಗಳು, ಅವುಗಳ ನಡುವೆ ಒದ್ದೆ ಬೆಡ್‌ಶೀಟು ಹೋಗಿ ಆ ಕಡೆ ಗರಿಗರಿಯಾಗಿ ಬೀಳಬೇಕು. ಶೀಟಿನ ಎರಡು ತುದಿಗೆ ಇಬ್ಬರು ಬೇಕೇಬೇಕು. ಜೊತೆಯವಳು ಹಲ್ಲುನೋವೆಂದು ಮನೆಗೆ ಹೋಗಿದ್ದಳು. ಹೊರಗೆ ಆಸ್ಪತ್ರೆಯ ಗಾಡಿ ಹಾರ್ನ್ ಹೊಡೆಯುತ್ತಿತ್ತು.

“ಪಾಪೂ, ಒಂದೇ ನಿಮಿಷ. ಆ ತುದಿ ಹಿಡ್ಕೋ ಬಾ.”

ಉರುಳೆಗಳ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಬೆರಳು ಅದಕ್ಕೆ ತಾಕಿದರೆ ಯಂತ್ರ ತಟ್ಟನೆ ನಿಲ್ಲಬೇಕು. ಅದು ಕೆಟ್ಟು ತಿಂಗಳಾಗಿತ್ತು. ಸುಮ್ಮಸುಮ್ಮನೆ ಯಂತ್ರ ನಿಲ್ಲುತ್ತದೆಂದು ಸೂಪರ್‌ವೈಸರ್ ಅದನ್ನು ಮೇಲೆತ್ತಿ ತಂತಿಯಿಂದ ಬಿಗಿದಿದ್ದ. “ನಾಳೆ ಸರಿ ಮಾಡಿಸ್ತೀನಿ” ಎಂದು ಮೂವತ್ತು ಸಲ ಹೇಳಿದ್ದ. ಕೆಲಸದ ಹೆಂಗಸರಿಗೆಲ್ಲ ಇದು ಗೊತ್ತಿತ್ತು, ಕೈಯನ್ನು ಎಷ್ಟು ದೂರದಲ್ಲಿ ಬಿಡಬೇಕೆಂದು ಅವರ ಮೈಗೇ ಗೊತ್ತಿತ್ತು. ಮಗಳಿಗೆ ಹೇಳಬೇಕೆಂದು ಮಡಿಕೆಯಕ್ಕನಿಗೆ ಹೊಳೆಯಲಿಲ್ಲ.

ಮೂರು ಶೀಟು ಚೆನ್ನಾಗಿ ಹೋದವು. ನಾಲ್ಕನೆಯದರ ಅಂಚು ಹರಿದಿತ್ತು. ಆ ಹರುಕಿನಲ್ಲಿ ಹುಡುಗಿಯ ಬಲಗೈಯ ಬೆರಳು ಸಿಕ್ಕಿಕೊಂಡವು.

ಆಸ್ಪತ್ರೆಯಲ್ಲಿ ಡಾಕ್ಟರು ತೋರುಬೆರಳು, ನಡುಬೆರಳು ಎರಡನ್ನೂ ತೆಗೆಯಬೇಕಾಯಿತು ಎಂದರು. ಉಂಗುರ ಬೆರಳು ಉಳಿದರೂ ಮಡಚುವುದು ಅನುಮಾನ ಎಂದರು. ಮಡಿಕೆಯಕ್ಕ ತಲೆಯಾಡಿಸಿದಳು. ಮಗಳು ಮಲಗಿದ್ದ ಹಾಸಿಗೆಯ ಶೀಟಿನ ಮೂಲೆಯಲ್ಲಿ ತಮ್ಮ ಕಾರ್ಖಾನೆಯ ಗುರುತು ಕಂಡಿತು. ಯಾವತ್ತೋ ಇದನ್ನೂ ತಾನೇ ಮಡಿಚಿರಬೇಕು ಎನ್ನಿಸಿತು. ಎದ್ದು ಹೊರಗೆ ಹೋಗಿ, ನೀರಿನ ನಲ್ಲಿಯ ಹತ್ತಿರ ಗೋಡೆಗೆ ಹಣೆ ಒತ್ತಿ ನಿಂತಳು. ಅಳು ಬರಲಿಲ್ಲ. ತಮ್ಮ ಬಂದು, “ಅಕ್ಕಾ, ಒಂದು ವರ್ಷ ಹೋದ್ರೆ ಹೋಗ್ಲಿ ಬಿಡು. ಮುಂದಿನ ವರ್ಷ ಬರೀತಾಳೆ” ಎಂದ.

“ಯಾವ ಕೈಯಲ್ಲಿ ಬರೀತಾಳೋ?” ಎಂದಳು ಮಡಿಕೆಯಕ್ಕ.

ಹನ್ನೊಂದನೆಯ ದಿನ ಮನೆಗೆ ಬಂದರು. ಮಗಳು ಎಡಗೈಯಲ್ಲಿ ಪೆನ್ನು ಹಿಡಿದು ಕೂತಳು. ಒಂದು ಗಂಟೆಗೆ ಒಂಬತ್ತು ಸಾಲು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಪೆನ್ನನ್ನು ಗೋಡೆಗೆ ಎಸೆದು ಮುಸುಕೆಳೆದು ಮಲಗಿದಳು. ಅನ್ನ ಬೇಡ, ಮಾತು ಬೇಡ. ತಾಯಿ ಬಾಗಿಲ ಹೊರಗೇ ಕೂತಿದ್ದಳು. ಸಂಜೆಯಾಗುತ್ತಲೇ ಎದ್ದು, ಸೆರಗು ಸರಿಮಾಡಿಕೊಂಡು, ಮೂರು ಬೀದಿ ದಾಟಿ ಗಣಿತದ ಮೇಡಂ ಮನೆಯ ಬಾಗಿಲು ತಟ್ಟಿದಳು.

“ಮೇಡಂ, ನನ್ನ ಮಗಳು ಸತ್ತುಹೋಗ್ತಾಳೆ” ಎಂದಷ್ಟೇ ಹೇಳಲು ಸಾಧ್ಯವಾಯಿತು.

ಮೇಡಂ ಅದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಂದರು. ಮುಸುಕಿನ ಪಕ್ಕ ನೆಲದ ಮೇಲೇ ಕೂತರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ.

“ಪರೀಕ್ಷೇಲಿ ನಿನ್ನ ಪರವಾಗಿ ಬರೆಯೋಕೆ ಒಬ್ಬರನ್ನ ಕೊಡ್ತಾರೆ. ನಿನಗಿಂತ ಕೆಳಗಿನ ಕ್ಲಾಸಿನ ಹುಡುಗಿ. ಅವಳಿಗೆ ನಿನ್ನ ಪಾಠ ಗೊತ್ತಿರಬಾರದು, ಅದೇ ನಿಯಮ. ನೀನು ಹೇಳಿದ್ದಷ್ಟೇ ಬರೀತಾಳೆ. ಹೇಳದೇ ಇದ್ದದ್ದನ್ನ ಬರೆಯಲ್ಲ, ತಪ್ಪು ಹೇಳಿದ್ರೆ ತಿದ್ದಲ್ಲ. ಅರ್ಜಿ ನಾಡಿದ್ದರೊಳಗೆ ಹೋಗಬೇಕು.”

ಮುಸುಕಿನೊಳಗಿಂದ ದನಿ ಬಂತು. “ಲೆಕ್ಕಾನ ಬಾಯಲ್ಲಿ ಹೇಗೆ ಹೇಳೋದು ಮೇಡಂ?”

“ಅದನ್ನೇ ಈಗ ಕಲೀಬೇಕು. ಒಂದು ತಿಂಗಳಿದೆ. ಏನೂ ಗೊತ್ತಿಲ್ಲದವರನ್ನ ಎದುರಿಗೆ ಕೂರಿಸ್ಕೊಂಡು ದಿನಾ ಹೇಳಿ ಬರೆಸು. ಅವರು ಎಲ್ಲಿ ಸಿಕ್ಕಿಹಾಕ್ಕೊಳ್ತಾರೋ ಅಲ್ಲಿ ನಿನಗೂ ಪಾಠ ಸರಿಯಾಗಿ ಬಂದಿಲ್ಲ ಅಂತ ತಿಳ್ಕೋ.”

ಬಾಗಿಲಲ್ಲಿ ನಿಂತಿದ್ದ ಮಡಿಕೆಯಕ್ಕ ಮೆಲ್ಲಗೆ ಕೇಳಿದಳು: “ನನಗಿಂತ ಏನೂ ಗೊತ್ತಿಲ್ಲದವರು ಬೇಕಾ ಮೇಡಂ, ನಾನೇ ಸಾಕಾ?”

ಮೇಡಂ, “ನೀವೇ ಸರಿ” ಎಂದರು.

ಮಾರನೆಯ ದಿನದಿಂದ ಬೆಳಿಗ್ಗೆ ಐದಕ್ಕೆದ್ದು ಕೆಲಸಕ್ಕೆ ಹೋಗುವವರೆಗೆ, ಸಂಜೆ ಬಂದಮೇಲೆ ಎರಡು ಗಂಟೆ, ತಾಯಿ ಬರೆದಳು, ಮಗಳು ಹೇಳಿದಳು. ಮೊದಲ ದಿನವೇ ವರ್ಗಮೂಲ ಬಂತು.

“ಯಾವ ವರ್ಗ? ಆರನೇ ವರ್ಗವಾ?”

“ಅದಲ್ಲಮ್ಮ. ವರ್ಗಮೂಲ. ಮೂಲ ಅಂದ್ರೆ…”

“ಮೂಲ ಅಂದ್ರೆ ನನಗೆ ಗೊತ್ತಿರೋದು ಒಂದೇ, ಅದಕ್ಕೆ ಡಾಕ್ಟರ ಹತ್ರ ಹೋಗ್ಬೇಕು.”

ಎರಡು ವಾರದಲ್ಲಿ ಮೊದಲ ಸಲ ಹುಡುಗಿಯ ತುಟಿ ಅಲುಗಿತು. ಆದರೆ ಆ ನಗು ಉಳಿಯಲಿಲ್ಲ. ಒಂದು ಲೆಕ್ಕ ಬರೆಯಲು ಇಪ್ಪತ್ತೈದು ನಿಮಿಷ ಹಿಡಿಯಿತು, ಪರೀಕ್ಷೆಯಲ್ಲಿ ಸಿಗುವುದು ಆರೇ ನಿಮಿಷ. “ಎಕ್ಸ್ ಮೇಲೆ ಎರಡು” ಎಂದರೆ ತಾಯಿ ಎಕ್ಸ್‌ನ ನೆತ್ತಿಯ ಮೇಲೆ ಎರಡನ್ನು ಕೂರಿಸುತ್ತಿದ್ದಳು. “ಭಾಗಿಸು” ಎಂದರೆ “ಯಾವುದರಿಂದ ಯಾವುದನ್ನ?” ಎಂದು ಪೆನ್ನು ಹಿಡಿದು ಕಾಯುತ್ತಿದ್ದಳು. ಒಂದು ದಿನ ಅರ್ಧ ಪುಟದ ಲೆಕ್ಕ ತಪ್ಪಾಯಿತು.

“ಆವರಣ ಎಲ್ಲಿ ಮುಚ್ಚಿದೀಯಮ್ಮ?”

“ಆವರಣ ತೆಗಿ ಅಂದೆ, ತೆಗೆದೆ. ಮುಚ್ಚು ಅಂತ ನೀನು ಹೇಳ್ಲೇ ಇಲ್ಲ.”

“ಅಷ್ಟೂ ಗೊತ್ತಾಗಲ್ವಾ?”

“ಗೊತ್ತಾಗಬಾರದು ಅಂತ ತಾನೆ ನನ್ನ ಕೂರಿಸಿರೋದು?”

ಹೇಳಿದ್ದನ್ನೆಲ್ಲ ಬಿಡದೆ ಬರೆಯಬೇಕೆಂದು ಮೇಡಂ ಹೇಳಿದ್ದನ್ನು ಮಡಿಕೆಯಕ್ಕ ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಳೆಂದರೆ, ಲೆಕ್ಕದ ನಡುನಡುವೆ “ಅಯ್ಯೋ ಅದಲ್ಲ”, “ತಾಳು ತಾಳು” ಎಂಬುದೆಲ್ಲ ಹಾಳೆಯ ಮೇಲೆ ಇಳಿದಿರುತ್ತಿತ್ತು. ಅರ್ಥ ನೋಡದೆ ಕಿವಿಯಿಂದ ಕೈಗೆ ಇಳಿಸುವುದಷ್ಟೇ ಅವಳ ಕೆಲಸ.

ಪರೀಕ್ಷೆಗೆ ಎರಡು ವಾರ ಇದ್ದಾಗ ಒಂದು ಸಂಜೆ ಒಂದೇ ಲೆಕ್ಕ ನಾಲ್ಕನೆಯ ಸಲವೂ ಕೆಟ್ಟಿತು. ಮಗಳು ಬ್ಯಾಂಡೇಜು ಸುತ್ತಿದ ಕೈಯನ್ನು ಮೇಜಿಗೆ ಬಡಿದಳು. ನೋವಿಗೆ ಮುಖ ಬಿಳಚಿತು.

“ನನ್ನ ಕೈ ಕಿತ್ಕೊಂಡಿದ್ದೂ ನೀನೇ. ಈಗ ನಿನ್ನ ಕೈಯಲ್ಲಿ ಬರೆಯೋಕೂ ಆಗಲ್ಲ. ನನ್ನನ್ನ ಯಾಕೆ ಕರೆದೆ ಅವತ್ತು? ಯಾಕೆ ಕರೆದೆ?”

ತಾಯಿ ತಲೆ ತಗ್ಗಿಸಿಯೇ ಇದ್ದಳು. ಮಗಳು ಹಾಳೆ ಎಳೆದು ನೋಡಿದಳು. ಲೆಕ್ಕದ ಕೆಳಗೆ, ಅದೇ ದಪ್ಪ ದಪ್ಪ ಅಕ್ಷರದಲ್ಲಿ, ‘ನನ್ನ ಕೈ ಕಿತ್ಕೊಂಡಿದ್ದೂ ನೀನೇ’ ಎಂದು ಬರೆದಿತ್ತು. ಅಭ್ಯಾಸಬಲದಿಂದ ಕೈ ಬರೆದುಬಿಟ್ಟಿತ್ತು, ಅಲ್ಲಿಗೆ ಬಂದು ನಿಂತಿತ್ತು.

“ಪಟ್ಟಿಗೆ ತಂತಿ ಕಟ್ಟಿದ್ದು ನನಗೆ ಗೊತ್ತಿತ್ತು, ಪಾಪು” ಎಂದಳು ತಾಯಿ. “ಒಂದು ತಿಂಗಳಿಂದ ಗೊತ್ತಿತ್ತು.”

ಮಗಳು ಸರಿ ಎನ್ನಲಿಲ್ಲ, ಹೋಗಲಿ ಬಿಡು ಎನ್ನಲಿಲ್ಲ. ಹೊಸ ಹಾಳೆಯೊಂದನ್ನು ಎಡಗೈಯಿಂದ ತಾಯಿಯ ಮುಂದೆ ಸರಿಸಿ, “ಬರಿ. ಪ್ರಶ್ನೆ ಹನ್ನೆರಡು. ಮೊದಲ ಸಾಲು” ಎಂದಳು.

ಅಂದಿನಿಂದ ಹುಡುಗಿಯ ಹೇಳಿಕೆಯೇ ಬದಲಾಯಿತು. ಮೊದಲು ಲೆಕ್ಕವನ್ನು ಕಣ್ಣು ಮುಚ್ಚಿ ತಲೆಯೊಳಗೇ ಪೂರ್ತಿ ಬಿಡಿಸುವಳು, ಆಮೇಲೆ ಒಂದೊಂದೇ ಸಾಲಾಗಿ ಬಿಡಿಸಿ ಹೇಳುವಳು. ಮಸೂರದ ಚಿತ್ರಕ್ಕೆ “ಮೇಲಿಂದ ಕೆಳಕ್ಕೆ ಎಲೆಯ ಥರ ಬರಿ, ನಡುವೆ ಅಡ್ಡಗೆರೆ ಎಳಿ” ಎಂದು ಹೇಳಿ ತಾಯಿಯಿಂದ ಬರೆಸಿದಳು. ತಾಯಿ ತಡವರಿಸಿದ ಜಾಗಕ್ಕೆ ಗುರುತು ಹಾಕಿ, ಪುಸ್ತಕ ತೆರೆದು ಅದೇ ಪಾಠ ಮತ್ತೆ ಓದುವಳು. ತನಗೆ ಬರುತ್ತದೆ ಎಂದುಕೊಂಡಿದ್ದರಲ್ಲಿ ಎಷ್ಟೋ ಬಂದೇ ಇರಲಿಲ್ಲ. ಕೈ ಬಾಯಿಪಾಠದ ಮೇಲೆ ಓಡುತ್ತಿತ್ತು, ಅಷ್ಟೇ. ಇಪ್ಪತ್ತೈದು ನಿಮಿಷ ಹದಿನೈದಾಯಿತು, ಹತ್ತಾಯಿತು. ಆರಕ್ಕೆ ಇಳಿಯಲೇ ಇಲ್ಲ.

ಪರೀಕ್ಷೆಗೆ ಮೂರು ದಿನ ಮುಂಚೆ ಸೂಪರ್‌ವೈಸರ್ ಮಡಿಕೆಯಕ್ಕನನ್ನು ಒಳಗೆ ಕರೆದು ಒಂದು ಹಾಳೆ ಮುಂದಿಟ್ಟ. “ಸುಮ್ನೆ ಒಂದು ಸೈನ್ ಹಾಕಿ ಅಕ್ಕಾ. ಕೆಲಸ ನಿಮ್ದೇ ಇರುತ್ತೆ.” ಹುಡುಗಿ ಯಾರನ್ನೂ ಕೇಳದೆ ತಾನಾಗಿ ಒಳಗೆ ಬಂದು ಯಂತ್ರ ಮುಟ್ಟಿದಳು ಎಂದು ಅದರಲ್ಲಿತ್ತು. ಒಂದು ತಿಂಗಳ ಹಿಂದಾಗಿದ್ದರೆ ಅವಳು ಅಷ್ಟನ್ನು ಓದುತ್ತಲೂ ಇರಲಿಲ್ಲ. ಈಗ ಎರಡು ಸಲ ಓದಿದಳು. ಸಹಿ ಹಾಕುವ ಜಾಗದಲ್ಲಿ ಬರೆದಳು: ‘ಅವಳನ್ನು ನಾನು ಕರೆದೆ. ಪಟ್ಟಿಗೆ ತಂತಿ ಕಟ್ಟಿತ್ತು.’ ಅದರ ಕೆಳಗೆ ತನ್ನ ಹೆಸರು.

ಸೂಪರ್‌ವೈಸರ್ ತಲೆ ಮೇಲೆ ಕೈ ಹೊತ್ತ. “ಏನಕ್ಕಾ ಇದು, ನಿಮ್ಮ ಅನ್ನಕ್ಕೆ ನೀವೇ ಮಣ್ಣು ಹಾಕ್ಕೊಂಡ್ರಲ್ಲ” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಮಾರನೆಯ ದಿನ ಗೇಟಿನಲ್ಲೇ ಅವಳನ್ನು ತಡೆದರು. ಮಗಳಿಗೆ ಅವಳು ಹೇಳಲಿಲ್ಲ. ಪರೀಕ್ಷೆ ಮುಗಿಯುವವರೆಗೆ ದಿನವೂ ಕೆಲಸದ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು, ಶಾಲೆಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಳು. ಮಗಳು ಹೊರಗೆ ಬಂದಾಗ ಅರ್ಧ ದಿನ ರಜೆ ಹಾಕಿ ಬಂದೆ ಎನ್ನುತ್ತಿದ್ದಳು.

ಬರೆಯಲು ಕೊಟ್ಟ ಹುಡುಗಿ ಎರಡು ಜಡೆಯ, ಹೆದರಿಕೊಂಡ ಸಣ್ಣ ಹುಡುಗಿ. ಮೊದಲ ದಿನ ಭಾಷೆಯ ಪತ್ರಿಕೆ. ಅವಳ ಅಕ್ಷರ ಮುತ್ತು ಪೋಣಿಸಿದಂತಿತ್ತು, ಪೋಣಿಸುವಷ್ಟೇ ನಿಧಾನವೂ ಇತ್ತು. ಎರಡು ದೊಡ್ಡ ಪ್ರಶ್ನೆಗಳು ಹಾಗೇ ಉಳಿದವು. ಗಂಟೆ ಹೊಡೆದ ಮೇಲೆ ಇಬ್ಬರೂ ಹೊರಗೆ ಬಂದರು, ಅಳುತ್ತಿದ್ದವಳು ಎರಡು ಜಡೆಯ ಹುಡುಗಿ.

“ಅಕ್ಕಾ, ನನ್ನಿಂದ ನಿಮಗೆ ಹೋಯ್ತು” ಎಂದು ಬಿಕ್ಕಿದಳು.

“ಚೆಂದ ಬರೀಬೇಡ. ಓದೋ ಹಾಗಿದ್ರೆ ಸಾಕು” ಎಂದಳು ಮಗಳು. ತಾಯಿಯ ಮುಂದೆ ಬಂದು, “ಅಕ್ಷರ ಮಾತ್ರ ಬಹಳ ಚೆನ್ನಾಗಿತ್ತು” ಎಂದಳು.

ಭೌತಶಾಸ್ತ್ರದ ದಿನ ಆ ಹುಡುಗಿ ಮಸೂರದ ಚಿತ್ರವನ್ನು ಅಡ್ಡ ಮಲಗಿಸಿ ಬರೆದಳು. ಮಗಳು ಕೈ ಚಾಚಿ ತೋರಿಸಲು ಹೋದಾಗ ಕೊಠಡಿಯ ಮೇಲ್ವಿಚಾರಕರು “ಹಾಳೆ ಮುಟ್ಟಬಾರದು” ಎಂದು ಗದರಿದರು. ಮತ್ತೆ ಹೇಳಿ ಬರೆಸುವಷ್ಟರಲ್ಲಿ ಹದಿನೇಳು ನಿಮಿಷ ಹೋಯಿತು. ಅವಳು ತನ್ನ ಮಡಿಲಲ್ಲಿ ಬ್ಯಾಂಡೇಜಿನ ಕೈ ಇಟ್ಟುಕೊಂಡು, ತಾನು ಕಣ್ಣು ಮುಚ್ಚಿ ಎಳೆಯಬಹುದಾಗಿದ್ದ ಗೆರೆಯನ್ನು ಇನ್ನೊಬ್ಬಳು ಮೂರು ಸಲ ಅಳಿಸಿ ಎಳೆಯುವುದನ್ನು ನೋಡುತ್ತಿದ್ದಳು. ಅಂದು ಸಂಜೆ ತಾನಾಗಿಯೇ ತಾಯಿಗೆ ಇದನ್ನು ಹೇಳಿದಳು. ಹೇಳುತ್ತ ಹೇಳುತ್ತ ಮೊದಲ ಬಾರಿಗೆ ಬಿಕ್ಕಿಬಿಕ್ಕಿ ಅತ್ತಳು. ಹತ್ತಿರ ಬಂದ ತಾಯಿಯ ಕೈಯನ್ನು ಮಾತ್ರ ತಳ್ಳಿದಳು.

ಗಣಿತ ಕೊನೆಯದು. ಹೊರಗೆ ಬಂದ ಮಗಳು, “ಎಲ್ಲಾ ಆಯ್ತು. ಆವರಣ ಎಲ್ಲಾ ಮುಚ್ಚಿಸಿದೆ” ಎಂದಳು.

ಒಂದೂವರೆ ತಿಂಗಳ ಮೇಲೆ ಫಲಿತಾಂಶ ಬಂತು. ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು, ಭೌತಶಾಸ್ತ್ರದಲ್ಲಿ ಐವತ್ತೆಂಟು, ಭಾಷೆಯಲ್ಲಿ ನಲವತ್ತನಾಲ್ಕು. ಒಟ್ಟು ಸೇರಿಸಿದರೆ ಅವಳು ಬಯಸಿದ್ದರ ಹತ್ತಿರಕ್ಕೂ ಬರಲಿಲ್ಲ. ಗಣಿತದ ಮೇಡಂ ವಿನ್ಯಾಸದ ಕಾಲೇಜಿಗೆ ತಾವೇ ಫೋನು ಮಾಡಿ ವಿಚಾರಿಸಿದರು. ಪರೀಕ್ಷೆಗೆ ಬೇರೆಯವರು ಬರೆದದ್ದು ಸರಿ, ಆದರೆ ಚಿತ್ರಕ್ಕೆ ಹಾಗಾಗುವುದಿಲ್ಲ, ಸ್ವಂತ ಕೈಯೇ ಬೇಕು ಎಂದರು ಅಲ್ಲಿನವರು. ಮೇಡಂ ಬಂದು ಇದನ್ನು ಹೇಳಿದಾಗ ಹುಡುಗಿ, “ಗೊತ್ತಿತ್ತು ಮೇಡಂ” ಎಂದಳು. ಮೇಡಂ ಸುತ್ತಿ ಬಳಸಿ ಹೇಳಲಿಲ್ಲ. “ಗಣಿತ ತಗೋ. ಇಷ್ಟ ಅಂತಲ್ಲ, ಈಗ ತೆರೆದಿರೋ ಬಾಗಿಲು ಅದೊಂದೇ ಅಂತ ತಗೋ. ಎಡಗೈ ಅಭ್ಯಾಸ ಬಿಡಬೇಡ. ಕಾಲೇಜಲ್ಲಿ ಮೊದಲ ದಿನಾನೇ ಹೋಗಿ ನಿನಗೇನು ಸಹಾಯ ಬೇಕು ಅಂತ ಬಾಯಿಬಿಟ್ಟು ಕೇಳು. ನಾಚಿಕೊಂಡು ಕೂತ್ರೆ ಯಾರೂ ತಾವಾಗಿ ಬಂದು ಕೊಡಲ್ಲ.”

ಗಣಿತಕ್ಕೆಂದು ಆರಿಸಿದ ಕಾಲೇಜಿನ ಕಚೇರಿಯಲ್ಲಿ ಅರ್ಜಿ ತುಂಬುವ ದಿನ ಉದ್ದನೆಯ ಸಾಲಿತ್ತು. ಕಿಟಕಿಯ ಪಕ್ಕದ ಮೇಜಿಗೆ ಒರಗಿ ಮಡಿಕೆಯಕ್ಕ ಬರೆಯುತ್ತಿದ್ದಳು, ಮಗಳು ಹೇಳುತ್ತಿದ್ದಳು. ಹೆಸರು, ಹುಟ್ಟಿದ ದಿನ, ತಂದೆ ಇಲ್ಲ, ತಾಯಿಯ ಉದ್ಯೋಗ ಎಂಬ ಸಾಲಿನಲ್ಲಿ ‘ಸದ್ಯ ಇಲ್ಲ’. ಮಗಳಿಗೆ ಅದು ಆಗಲೇ ಗೊತ್ತಾಗಿತ್ತು, ಗೊತ್ತಾಗಿದೆ ಎಂದು ತಾಯಿಗೆ ಗೊತ್ತಾದದ್ದು ಮಾತ್ರ ಈಗ. ಆಮೇಲೆ ಗುರುತಿನ ಚಿಹ್ನೆ ಎಂಬ ಸಾಲು ಬಂತು.

“ಬಲಗೈಯಲ್ಲಿ ಎರಡು ಬೆರಳಿಲ್ಲ” ಎಂದಳು ಮಗಳು.

ಪೆನ್ನು ನಿಂತಿತು. ‘ಬಲಗೈಯಲ್ಲಿ’ ಎಂಬುದರ ಮುಂದೆ ಹೋಗಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು.

“ಎರಡು. ಬೆರಳು. ಇಲ್ಲ.” ಪರೀಕ್ಷೆಯ ಕೊಠಡಿಯಲ್ಲಿ ಹೇಳುತ್ತಿದ್ದ ಅದೇ ಬಿಡಿಬಿಡಿ ದನಿಯಲ್ಲಿ ಮಗಳು ಮತ್ತೆ ಹೇಳಿದಳು. “ಬರಿ ಅಮ್ಮ.”

ಅವಳು ಬರೆದಳು. ಕಣ್ಣು ತುಂಬಿ ಸಾಲು ಕಾಣದಿದ್ದರೂ ಅಕ್ಷರ ಸಾಲು ತಪ್ಪಲಿಲ್ಲ.

ಮಗಳು ಈಗ ಆ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ತರಗತಿಯಲ್ಲಿ ಒಬ್ಬ ಗೆಳತಿ ಅವಳಿಗೆ ಟಿಪ್ಪಣಿ ಬರೆದುಕೊಡುತ್ತಾಳೆ, ಉಳಿದದ್ದನ್ನು ಎಡಗೈಯಲ್ಲಿ ತಾನೇ ಬರೆಯುತ್ತಾಳೆ. ಭಾನುವಾರ ಫೋನು ಮಾಡುತ್ತಾಳೆ, ಪಾಠದ ಮಾತಾಡುತ್ತಾಳೆ, ಚಿತ್ರದ ಮಾತು ಎತ್ತುವುದಿಲ್ಲ. ಅಂದಿನ ಮಧ್ಯಾಹ್ನದ ಮಾತು ಇಬ್ಬರೂ ಎತ್ತಿಲ್ಲ. ಮಡಿಕೆಯಕ್ಕ ಬೇರೆ ಬೀದಿಯಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದಾಳೆ. ನೆರೆಮನೆಯ ಹೆಂಗಸು ಮೊನ್ನೆ ತನ್ನ ಮಗನನ್ನು ಕರೆತಂದು, “ಅಂಥ ಸ್ಥಿತೀಲೂ ನಿಮ್ಮ ಮಗಳು ಗಣಿತದಲ್ಲಿ ತೊಂಬತ್ತೊಂದು ತೆಗೆದಳಲ್ಲ, ಹೇಗೆ ಓದಿಸಿದ್ರಿ, ಇವನಿಗೂ ಸ್ವಲ್ಪ ಹೇಳಿ” ಎಂದಳು. ಮಡಿಕೆಯಕ್ಕ ಹುಡುಗನ ಎರಡು ಕೈಗಳನ್ನೂ ನೋಡಿದಳು. “ಗಣಿತದ ಮೇಡಂ ಮನೆ ಮೂರು ಬೀದಿ ಆಚೆ. ಒಳ್ಳೆಯವರು. ಹೋಗಿ ಕೇಳಿ” ಎಂದು ದಾರಿ ತೋರಿಸಿ ಒಳಗೆ ಹೋದಳು.